ಎಡಗಡೆಯ ಹನ್ನೊಂದು ಜಡೆ

ಕೂತುಕೋ ತಮ್ಮ, ಆ ಮಣೆಯ ಮೇಲೆ. ಅದು ಗಿರಾಕಿಯದು,
ಇವತ್ತು ಗಿರಾಕಿ ಇಲ್ಲ.
ಹಾಳೆ ಮಡಿಸಿಡು. ಅದರಲ್ಲಿ ನಾನು ಮೂರನೆಯವಳು, ಗೊತ್ತು:
ಕಹಾಂಬು, ಜಡೆ ಹಾಕುವವಳು, ಬುಟೆಂಬೊ, ಸಂತೆಯ ಹಿಂದಿನ ಓಣಿ.
ಮೊದಲನೆಯವನು ಅವಳ ಗಂಡ. ಎರಡನೆಯದು ಮೊಲೆಗೂಸು.
ಮೂರನೆಯದು ಈ ಹತ್ತು ಬೆರಳು.

ಹೌದು, ಮುಟ್ಟಿದ್ದೆ.
ಮುಟ್ಟದೆ ಜಡೆ ಹಾಕುವ ವಿದ್ಯೆ ನಮ್ಮಮ್ಮ ಕಲಿಸಲಿಲ್ಲ.
ಮಂಗಳವಾರ ಮಧ್ಯಾಹ್ನ ಕ್ಯಾಕಿಮ್ವಾ ಬಂದಳು,
ತಂಗಿಯ ಮದುವೆಗೆಂದು ಇಪ್ಪತ್ತೆರಡು ಜಡೆ ಹೇಳಿದಳು,
ಅರ್ಧ ದುಡ್ಡು ಮೊದಲೇ ಕೊಟ್ಟಳು.
ಎಡಗಡೆ ಹನ್ನೊಂದು ಮುಗಿದಿತ್ತು.
ಬೈತಲೆಗೆ ಬೆರಳಿಟ್ಟರೆ ಕಾದ ಹೆಂಚು.
"ತಲೆ ಸಿಡಿಯುತ್ತಿದೆ ಚಿಕ್ಕಮ್ಮ, ಉಳಿದದ್ದು ನಾಳೆ" ಅಂತ
ಬಲಗಡೆಯ ಕೂದಲಿಗೆ ಬಟ್ಟೆ ಸುತ್ತಿಕೊಂಡು ಎದ್ದಳು.
ನಾಳೆ ಬರಲಿಲ್ಲ.
ನಿಮ್ಮವರು ಬಿಳಿ ಚೀಲದಲ್ಲಿಟ್ಟು ಜಿಪ್ ಎಳೆದರು,
ಅರ್ಧ ತಲೆ ಹಾಗೇ ಕೆದರಿಕೊಂಡಿರುವಾಗಲೇ.

ನನಗೆ ಸೂಜಿಯ ಹೆದರಿಕೆ ಅಂದುಕೊಂಡೆಯಾ?
ನನ್ನ ಎರಡನೆಯ ಮಗ ಮಲೇರಿಯಾದಲ್ಲಿ ಹೋದ.
ಮೂರು ದಿನ ಬೆನ್ನಿಗೆ ಕಟ್ಟಿಕೊಂಡು
ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದೆ. ಮಾತ್ರೆ ಮುಗಿದಿದೆ ಅಂದರು.
ಮೇಲಿನ ಹಳ್ಳಿಗೆ ರಾತ್ರಿ ಮಚ್ಚು ಹಿಡಿದು ಬಂದರಲ್ಲ, ಆಗ
ಒಂದು ಬಿಳಿ ಕಾರೂ ಗುಡ್ಡ ಹತ್ತಲಿಲ್ಲ.
ಈಗ ನೋಡು, ಕಾರೇ ಕಾರು,
ಮೊಮ್ಮಗಳು ನಲವತ್ತರ ತನಕ ಎಣಿಸಿ ಬೇಜಾರಾಗಿ ಬಿಟ್ಟಳು.
ಕುಡಿಯುವ ನೀರಿಗೆ ಒಂದು ಚೂರು ಮಂಜುಗಡ್ಡೆ ಕಾಣದ ಓಣಿಗೆ
ಮೈನಸ್ ಅರವತ್ತು ಡಿಗ್ರಿಯ ಪೆಟ್ಟಿಗೆ ಬೈಕೇರಿ ಬಂತು!
ನಮ್ಮ ಸಾವಿಗೆ ಇಷ್ಟು ಬೆಲೆ ಯಾವಾಗ ಬಂತು, ತಮ್ಮ?
ಅಥವಾ ಈ ಒಂದು ಸಾವು ಮಾತ್ರ
ವಿಮಾನ ಹತ್ತಬಲ್ಲದು ಅಂತಲಾ?

"ಗೊತ್ತಿಲ್ಲಮ್ಮ" ಅಂದೆ. ಒಳ್ಳೆಯದು.
ಮೊನ್ನೆ ಬಂದವನಿಗೆ ಎಲ್ಲ ಗೊತ್ತಿತ್ತು,
ಅವನಿಗೆ ನಾನು ನೀರೂ ಕೇಳಲಿಲ್ಲ.

ಇದ್ದಿಲು ಮಾರುವ ಮುಸುಬಾವೊ ಹೇಳುತ್ತಾನೆ
ರೋಗ ಇರುವುದೇ ಸೂಜಿಯಲ್ಲಿ ಅಂತ.
ಅವನಿಗೆ ಮಳೆಯೂ ಸರಕಾರದ ಪಿತೂರಿಯೇ, ಬಿಡು.
ಪಾಸ್ಟರ್ ಬೇಡ ಅನ್ನುತ್ತಾನೆ, ಪ್ರಾರ್ಥನೆ ಸಾಕಂತೆ.
ಪಾಸ್ಟರನ ಹೆಂಡತಿ ನಿನ್ನೆ ಕತ್ತಲಾದ ಮೇಲೆ
ತೋಳು ಒತ್ತಿಕೊಳ್ಳುತ್ತ ಹಿತ್ತಲಿಂದ ಒಳಗೆ ಹೋದಳು.
ನಾನು ನೋಡಲಿಲ್ಲ, ನೀನೂ ಕೇಳಲಿಲ್ಲ.

ಆದರೆ ರಾತ್ರಿ ಅವಳ ಕೂಸು ಅತ್ತಿತು, ಗೋಡೆಯಾಚೆ.
ತುಂಬ ಹೊತ್ತು. ಯಾರೂ ಎತ್ತಲಿಲ್ಲ.
ನನ್ನ ಕೈ ತಾನಾಗಿಯೇ ಎದ್ದಿತು
ಇನ್ನೊಂದು ಕೈಯಿಂದ ಅದನ್ನು ಹಿಡಿದುಕೊಂಡೆ.
ಐವತ್ತೆಂಟು ವರ್ಷ, ಈ ಕೈ ನನಗೆ ಅನ್ನ ಹಾಕಿದೆ.
ಬೆಳಕು ಹರಿಯುವ ತನಕ ಅದನ್ನು
ಕಳ್ಳನನ್ನು ಹಿಡಿದ ಹಾಗೆ ಹಿಡಿದು ಕೂತಿದ್ದೆ.

ಅಷ್ಟೇ. ಬೇರೆ ಕಾರಣವಿಲ್ಲ.
ಇದನ್ನೆಲ್ಲ ಬರೆದುಕೊಳ್ಳಬೇಡ.

ನಿನ್ನ ಡೇರೆಗೆ ಮಾತ್ರ ಬರುವುದಿಲ್ಲ.
ಸಂತೆಯ ನಡುವೆ, ಎಲೆಕೋಸಿನ ರಾಶಿಯ ಪಕ್ಕ ಕುರ್ಚಿ ಹಾಕು.
ಮರದ ಚುಕುಡು ಗಾಡಿ ತಳ್ಳುವ ಹುಡುಗರು, ಮುಸುಬಾವೊ,
ಬೇಕಾದರೆ ಪಾಸ್ಟರೂ, ನಿಂತು ನೋಡಲಿ.
ಸತ್ತರೆ ಎಲ್ಲರೆದುರು ಸಾಯುತ್ತೇನೆ,
ಬದುಕಿದರೂ ಎಲ್ಲರೆದುರೇ.

ಏನಂದೆ? ಮೈಗೆ ಹತ್ತಲು ಹತ್ತು ದಿನ ಬೇಕೆ?
ಅಲ್ಲಿಯ ತನಕ ಯಾರ ತಲೆಯನ್ನೂ ಮುಟ್ಟುವಂತಿಲ್ಲವೆ?
ಆಮೇಲೂ ಖಾತ್ರಿ ಇಲ್ಲವೆ?
ಹ್ಞೂಂ. ಖಾತ್ರಿ ಕೊಟ್ಟಿದ್ದರೆ ಎದ್ದು ಹೋಗು ಅನ್ನುತ್ತಿದ್ದೆ.

ಕ್ಯಾಕಿಮ್ವಾ ಕೊಟ್ಟದ್ದು ಅರ್ಧ ದುಡ್ಡು,
ನಾನು ಹಾಕಿದ್ದು ಅರ್ಧ ಜಡೆ.
ಲೆಕ್ಕದಲ್ಲಿ ಬಾಕಿ ಏನೂ ಇಲ್ಲ.
ಆದರೂ ಬೆಳಿಗ್ಗೆ ಕಣ್ಣು ಬಿಡುವ ಮೊದಲೇ
ಈ ಬೆರಳುಗಳು ಗಾಳಿಯಲ್ಲಿ ಮೂರು ಎಳೆ ಬಿಡಿಸುತ್ತಿರುತ್ತವೆ,
ಹನ್ನೆರಡನೆಯದಕ್ಕೆ.

ಏಳು, ಕುರ್ಚಿ ಹಾಕಿಸು.
ಯಾವ ತೋಳು ಅಂತೀಯಾ?
ಬಲಗಡೆಯದು.