ಹಿತ್ತಿಲ ಚಾರ್ಜು

ಬೀಗ ಎರಡು, ಬಲ್ಬು ಮೂರು, ಸೋರುವ ನಲ್ಲಿ ಒಂದು:
ಇವೆಲ್ಲ ಪಟ್ಟಿಯಲ್ಲಿವೆ, ಸಹಿ ಮಾಡಿದ್ದೇನೆ.
ಹಿತ್ತಿಲು ಪಟ್ಟಿಯಲ್ಲಿಲ್ಲ.
ಅದಕ್ಕೇ ಈ ಕಾಗದ,
ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿ ಹೋಗುತ್ತಿದ್ದೇನೆ.
ನೀವು ಯಾರೋ ನನಗೆ ಗೊತ್ತಿಲ್ಲ.

ಅರಸೀಕೆರೆಯಲ್ಲಿ ಮಳೆಯನ್ನು ನಂಬುವ ಹಾಗಿಲ್ಲ,
ಚಳಿ ಮಾತ್ರ ಟೈಮಿಗೆ ಸರಿಯಾಗಿ.
ದೀಪಾವಳಿ ಕಳೆದ ಎರಡನೇ ವಾರ, ರಾತ್ರಿ ಪಾಳಿಯಲ್ಲಿ
ಪಾಯಿಂಟಿನ ಕಬ್ಬಿಣ ಅಂಗೈ ಕಚ್ಚಿದರೆ
ಬಂತೆಂದು ತಿಳಿಯಿರಿ.
(ನನ್ನ ಹುದ್ದೆಯ ಹೆಸರು ಪಾಯಿಂಟ್ಸ್‌ಮನ್. ನಾನು ಹೆಂಗಸು.
ವರ್ಗದ ಆರ್ಡರಿನಲ್ಲೂ ಹಾಗೇ ಬರೆದಿದ್ದಾರೆ, ಇರಲಿ.)

ಪುದೀನವನ್ನು ಮೊನ್ನೆ ಎರಡು ಬೆರಳು ಬಿಟ್ಟು ಕೊಯ್ದೆ.
ಅದರ ಯೋಚನೆ ಬೇಡ, ಅದಕ್ಕೆ ನಾಚಿಕೆಯಿಲ್ಲ,
ಮತ್ತೆ ಬರುತ್ತದೆ, ಕರೆಯದ ಕಡೆಗೂ.
ಮಜ್ಜಿಗೆಹುಲ್ಲನ್ನು ಗೇಣೆತ್ತರಕ್ಕೆ ಸವರಿ
ಜುಟ್ಟು ಕಟ್ಟಿದ್ದೇನೆ,
ಹಳೆಯ ಹಸಿರು ಬಾವುಟದ ಅಂಚು ಹರಿದು.
ತುಳಸಿಯ ಬೀಜ ಬೆಂಕಿಪೆಟ್ಟಿಗೆಯಲ್ಲಿದೆ, ಅಡುಗೆಮನೆಯ ಗೂಡಿನಲ್ಲಿ.
ಒಂದೆಲಗ ಬಚ್ಚಲ ನೀರಿನ ಮಗಳು,
ಸೋಪು ಸ್ವಲ್ಪ ಕಡಿಮೆ ಹಾಕಿ.

ಬುಡಗಳಿಗೆಲ್ಲ ತೆಂಗಿನ ಸಿಪ್ಪೆ ಹೊದಿಸಿದೆ, ಬೆನ್ನು ಮೇಲೆ ಮಾಡಿ.
ಸಾಲದಿದ್ದರೆ ಮಂಡಿಯಲ್ಲಿ ಕಾಯಿ ಸುಲಿಯುವ ಸಣ್ಣೀರಮ್ಮನನ್ನು ಕೇಳಿ.
ದುಡ್ಡು ಬೇಡ ಅನ್ನುತ್ತಾಳೆ.
ಬಲವಂತ ಮಾಡಿ. ಇಟ್ಟುಕೊಳ್ಳುತ್ತಾಳೆ.

ದೊಡ್ಡಪತ್ರೆಗೆ ಸಂಜೆ ನೀರು ಬೇಡ.
ಕಾಂಡ ಗುಟ್ಟಾಗಿ ಕೊಳೆಯುತ್ತದೆ,
ಎಲೆ ಇನ್ನೂ ಚೆನ್ನಾಗಿ ಕಾಣುತ್ತಿರುವಾಗಲೇ.
ರಾತ್ರಿ ಗೋಣಿಚೀಲ ಹೊದಿಸಿ,
ಏಳರ ಪ್ಯಾಸೆಂಜರ್ ಹೋದ ಮೇಲೆ ತೆಗೆಯಿರಿ.
ಅಷ್ಟರಲ್ಲಿ ಅಸಿಸ್ಟೆಂಟ್ ಮಾಸ್ಟರ್ ಬಂದಿರುತ್ತಾನೆ, ಬಿಹಾರದ ಹುಡುಗ,
ಮಫ್ಲರಿನೊಳಗಿಂದ 'ಅಜವಾಯಿನ್' ಅನ್ನುತ್ತಾನೆ.
ಅವನಿಗೆ ಕನ್ನಡ ಬರುವುದಿಲ್ಲ, ಕೆಮ್ಮು ಬರುತ್ತದೆ.
ನಾಲ್ಕು ಎಲೆ ಬಾಡಿಸಿ, ಹಿಂಡಿ, ಜೇನು ಬೆರೆಸಿ ಕೊಡಿ.

ಇನ್ನು ಗೋಡೆಯ ಅಮೃತಬಳ್ಳಿ.
ಅದು ನಾನು ನೆಟ್ಟದ್ದಲ್ಲ.
ನನಗಿಂತ ಮುಂಚೆ ಇದ್ದವರು ಯಾರೋ,
ಅವರು ಕಾಗದ ಬಿಟ್ಟಿರಲಿಲ್ಲ.
ನನ್ನ ಮೊದಲ ಮಾಗಿಯಲ್ಲಿ ಎಲೆಯೆಲ್ಲ ಉದುರಿಸಿ
ಹಳೆಯ ತಂತಿಯ ಹಾಗೆ ಜೋತುಬಿತ್ತು.
ಸತ್ತಿತೆಂದು ಕುಡುಗೋಲು ತಂದೆ.
ಆ ವರ್ಷ ನನ್ನವೂ ಕೆಲವು ಉದುರಿದ್ದವು,
ಅದರ ಪಟ್ಟಿ ಇಲ್ಲಿ ಬೇಡ.
ಕಡಿಯುವ ಮುಂಚೆ ಸುಮ್ಮನೆ
ಉಗುರಿನಿಂದ ಸಿಪ್ಪೆ ಕೆರೆದು ನೋಡಿದೆ.
ಒಳಗೆ ಹಸಿರು,
ಸಿಗ್ನಲ್ಲಿನಷ್ಟು ಹಸಿರು.
ಮುಂಗಾರಿನವರೆಗೂ ಗೋಡೆಗೆ ಒರಗಿ
ಕುಡುಗೋಲಿಗೇ ತುಕ್ಕು ಹಿಡಿಯಿತು.

ಹಣ್ಣಿಗೂ ಗಾಯಕ್ಕೂ ಹೇಳುವ ಮಾತನ್ನೇ
ಈ ಕಾಲಕ್ಕೂ ಹೆಸರಿಟ್ಟಿದ್ದಾರೆ, ಯಾಕೋ.
ನೀವು ಕಡಿಯಬೇಡಿ. ಯುಗಾದಿಯವರೆಗೆ ಕಾಯಿರಿ.

ನನ್ನನ್ನು ಹಾಕಿರುವುದು ಬೀರೂರಿಗೆ. ದೂರವೇನಲ್ಲ,
ಆದರೂ ಬಂದು ನೋಡುವುದಿಲ್ಲ,
ಚಾರ್ಜು ಕೊಟ್ಟ ಮೇಲೆ ಕೊಟ್ಟ ಹಾಗೆ.
ದೊಡ್ಡಪತ್ರೆಯ ಒಂದು ಕುಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ
ಟಿಫಿನ್ ಡಬ್ಬಿಯಲ್ಲಿ ಒಯ್ಯುತ್ತಿದ್ದೇನೆ.
ಬರೆದುಕೊಳ್ಳಿ: ಒಂದು ಕಡಿಮೆ.

ಇವತ್ತು ನೀರು ಹಾಕಬೇಡಿ.
ಹಾಕಿದ್ದೇನೆ.