ಒಂದು ಹಿಡಿ ಹೊತ್ತು

ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ
ತೂಕ ಬರೆಯುವ ಕೆಲಸ ನನ್ನದು.
ಸಂಜೆಯಾದರೆ ಬೆರಳಿಗೆಲ್ಲ ಎಣ್ಣೆ.
"ಒಳ್ಳೇದೇ ಆಯ್ತು ಬಿಡಿ, ತಂತಿ ತುಕ್ಕು ಹಿಡಿಯಲ್ಲ"
ಅಂದರು ಬಾಬಾಜಾನ್ ಸಾಹೇಬರು,
ಸ್ಟೇಷನ್ ರಸ್ತೆಯ ಕುಕ್ಕರ್ ರಿಪೇರಿ ಅಂಗಡಿಯಲ್ಲಿ,
ನೇತುಬಿದ್ದ ಗ್ಯಾಸ್ಕೆಟ್ಟುಗಳ ಗೊಂಚಲಿನ ಕೆಳಗೆ
ಬುಲ್‌ಬುಲ್ ತರಂಗದ ಮುಚ್ಚಳ ತೆಗೆಯುತ್ತ.
ಒಂದು ಕಾಲಕ್ಕೆ ಮದುವೆ ಬ್ಯಾಂಡಿನಲ್ಲಿ ನುಡಿಸಿದವರು.
ಈಗ ವಾರಕ್ಕೆರಡು ಸಂಜೆ, ಒಬ್ಬನೇ ಶಿಷ್ಯ,
ವಯಸ್ಸು ನಲವತ್ತೇಳು.

ಟೈಪ್‌ರೈಟರಿನಂಥ ಗುಂಡಿಗಳು, ಮೇಲೆ ಸವೆದ ಅಂಕಿ.
ಎಡಗೈ ಒತ್ತಬೇಕು, ಬಲಗೈ ಮೀಟಬೇಕು.
ಹಾಡುವುದು ಎರಡೇ ತಂತಿ. ಉಳಿದವು
ಒಂದೇ ಸ್ವರ ಹಿಡಿದು ಕೂತಿರುತ್ತವೆ,
ಪಂಚಾಯ್ತಿ ಕಟ್ಟೆಯಲ್ಲಿ ಹೇಳಿದ್ದನ್ನೇ ಹೇಳುವ ಹಿರಿಯರ ಹಾಗೆ.
ಮೊದಲ ತಿಂಗಳು ನಾನು ನುಡಿಸಿದ್ದೆಲ್ಲ
ತಗಡಿನ ಮೇಲೆ ಮೊಳೆ ಚೆಲ್ಲಿದ ಸದ್ದು.

ನನಗೆ ಬೇಕಿದ್ದದ್ದು ಒಂದೇ ಮಟ್ಟು:
ಬಾಣಾವರದ ಕೆಂಚೀರತ್ತೆಯ ಬೀಸೋ ಪದ.
ಅವಳ ಬಾಯಿಂದ ಕೇಳಿ, ಅಂಕಿ ಮಾಡಿ
ತೂಕದ ಚೀಟಿಯ ಬೆನ್ನಿಗೆ ಬರೆದುಕೊಂಡೆ.
ಐದು ಐದು ಏಳು, ಎಂಟು ಏಳು ಐದು ಮೂರು.
ಮಗುಚಿದರೆ ಯಾರದೋ ಹನ್ನೊಂದು ಚೀಲ,
ತೇವಕ್ಕೆಂದು ಎರಡು ಕೆ.ಜಿ. ಕಳೆದದ್ದು.

ಪದ ಬೆರಳಿಗೆ ಬಂದ ಭಾನುವಾರ
ವಾದ್ಯವನ್ನು ಟವಲಿನಲ್ಲಿ ಸುತ್ತಿ ಪ್ಯಾಸೆಂಜರ್ ಹತ್ತಿದೆ.
"ತಕ್ಕಡಿಯಾ?" ಅಂದ ಪಕ್ಕದವನು.
ಹೂಂ ಅಂದೆ.

ಅತ್ತೆ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿ ಕೇಳಿದಳು.
ಒಂದು ಗುಂಡಿಯೂ ತಪ್ಪಲಿಲ್ಲ.
"ಚೆನ್ನಾಗೈತೆ ಕಣೋ" ಅಂದಳು.
"ಆದ್ರೆ ರಾಗಿ ಯಾವಾಗ ಹಾಕ್ತೀಯ?"

ನಾನು ಪಿಳಿಪಿಳಿ ನೋಡಿದೆ.
ಆ ಮನೆಯಲ್ಲೀಗ ಬೀಸುಕಲ್ಲಿನ ಮೇಲೆ
ಗ್ಯಾಸ್ ಸಿಲಿಂಡರ್ ಕೂತಿದೆ.
ಅವಳು ಬರೀ ಚಾಪೆಯ ಮೇಲೆ ಮುಷ್ಟಿ ಇಟ್ಟು,
ಗೂಟ ಹಿಡಿದವಳ ಹಾಗೆ ಸುತ್ತತೊಡಗಿದಳು.
ಒಂದು ಸುತ್ತು, ಎರಡು. ಮೂರನೆಯದರ ತುದಿಗೆ
ದನಿ ಎಳೆದಳು, ಎಡಗೈ ಇಲ್ಲದ ಮೊರಕ್ಕೆ ಹೋಯಿತು,
ತುಂಬಿಕೊಂಡಿತು, ಕಲ್ಲಿನ ಬಾಯಿಗೆ ಬಂದು ಬಿಚ್ಚಿತು.
ಅಲ್ಲಿಯ ತನಕ ಪದ ಕಾದಿತ್ತು,
ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ನಿಂತವರ ಹಾಗೆ.

"ಎಷ್ಟು ಹೊತ್ತು ನಿಲ್ಲಿಸಬೇಕತ್ತೆ?"
"ಹಿಡಿ ತುಂಬೋವಷ್ಟು.
ಜಾಸ್ತಿ ಆದ್ರೆ ಹಿಟ್ಟು ತರಿ.
ಕಮ್ಮಿ ಆದ್ರೆ ಕಲ್ಲಿಗೆ ಕಲ್ಲು ಉಜ್ಜಿ ಬಾಯಿಗೆ ಮಳಲು.
ನಮ್ಮತ್ತೇದು ದೊಡ್ಡ ಕೈ,
ಅವಳ ಪದ ಇನ್ನೂ ನಿಧಾನ."

ಮಂಗಳವಾರ ಅಂಗಡಿಯಲ್ಲಿ ನುಡಿಸಿದೆ.
ಮೂರನೇ ಸುತ್ತಿನ ತುದಿಗೆ ಕೈ ಎತ್ತಿದೆ.
ಸಾಹೇಬರು ಕುಕ್ಕರಿನ ತಳಕ್ಕೆ ಬಡಿಯುತ್ತಿದ್ದ ಸುತ್ತಿಗೆ ತಡೆದರು.
"ಯಾಕೆ, ಮರೆತುಹೋಯ್ತಾ?"
"ಇಲ್ಲ. ರಾಗಿ ಹಾಕ್ತಿದೀನಿ."

ಅವರು ನಗಲಿಲ್ಲ.
ಆ ಬಿಡುವಿನಲ್ಲಿ, ಆರು ತಿಂಗಳಿಗೆ ಮೊದಲ ಸಲ,
ಹಾಡದ ತಂತಿಗಳು ಕೇಳಿಸಿದವು:
ಸಣ್ಣಗೆ, ಖಾಲಿ ಕಲ್ಲು ತಾನೇ ತಿರುಗುವ ಹಾಗೆ.
ಆಮೇಲೆ ಐದರ ಮೇಲೆ ಬೆರಳಿಟ್ಟೆ.

ಎರಡನೇ ಹಿಡಿ
ಕೊಂಚ ಜಾಸ್ತಿಯೇ ಆಯಿತು.