ಮೇಣ

ಮತ್ತಿಕೆರೆ ಬಸ್ ನಿಲ್ದಾಣದ ಪಕ್ಕ ಪಿಳ್ಳಮ್ಮ
ಹಲಸು ಸೀಳುವ ಮೊದಲು
ಕೈಗೆ ಎಣ್ಣೆ ಸವರುತ್ತಾಳೆ, ಕತ್ತಿಗೂ ಸವರುತ್ತಾಳೆ.
ಆಮೇಲೆ ಮೇಣ ಎಷ್ಟು ಒಸರಿದರೂ
ಅವಳಿಗೆ ಲೆಕ್ಕಕ್ಕಿಲ್ಲ.

ಇದನ್ನೇ ನಾವು ಮೂರು ವರ್ಷದಿಂದ
ಎರಡನೇ ಮಹಡಿಯ ಲ್ಯಾಬಿನಲ್ಲಿ
ಬಾಗಿಲು ಹಾಕಿಕೊಂಡು ಮಾಡುತ್ತಿದ್ದೇವೆ.
ಕಿರುಬೆರಳಿಗಿಂತ ಸಪೂರ ಒಂದು ನಳಿಕೆ,
ಅದರ ಒಳಗೋಡೆಗೆ ಕಣ್ಣಿಗೆ ಕಾಣದ ತೂತು,
ತೂತಿನ ತುಂಬ ಎಣ್ಣೆ.
ಎಣ್ಣೆ ಅಂದರೆ ಒಗ್ಗರಣೆಯದಲ್ಲ,
ನೀರಿನೊಂದಿಗೂ ಸೇರದ, ರಕ್ತದೊಂದಿಗೂ ಬೆರೆಯದ
ಬೇರೆಯೇ ಜಾತಿ.
ಗ್ರಾಮಿನ ಬೆಲೆ ಕೇಳಿದರೆ
ಪಿಳ್ಳಮ್ಮ ಬುಟ್ಟಿ ಎತ್ತಿಕೊಂಡು ಎದ್ದೇ ಹೋದಾಳು.

ಗೋಡೆಯೇ ದ್ರವ. ಇರುವ ಉಪಾಯ ಅಷ್ಟೇ.
ಕಾಲೂರಲು ಗಟ್ಟಿ ಜಾಗವೇ ಇಲ್ಲದ ಮೇಲೆ
ಯಾವುದು ತಾನೆ ಎಲ್ಲಿ ಕೂತೀತು?
ಜೇನುತುಪ್ಪ ಸುರಿದೆವು, ಜಾರಿತು.
ಕ್ಯಾಂಟೀನಿನ ಟೊಮೆಟೊ ಸಾಸೂ ಜಾರಿತು.
ಬ್ಯಾಕ್ಟೀರಿಯಾ ಸಂಸಾರ ಹೂಡಲು ಬಂದು
ಅಡ್ವಾನ್ಸು ಕೇಳಿದವರ ಹಾಗೆ
ಮುಂದಿನ ಬೀದಿಗೆ ಹೋಯಿತು.

ರಕ್ತ ಕೊಟ್ಟದ್ದು ನಾನು.
ಸೋಮವಾರ, ಎಡಗೈ,
ಹೆಪಾರಿನ್ ಬೆರೆಸದ, ಇನ್ನೂ ಬೆಚ್ಚಗಿದ್ದ ರಕ್ತ.
ಬರೀ ಪ್ಲಾಸ್ಟಿಕ್ಕಿನ ನಳಿಕೆಯಲ್ಲಿ
ಕಾಫಿ ಆರುವಷ್ಟರಲ್ಲಿ ಕಟ್ಟಿ ನಿಂತಿತು.
ನಮ್ಮದರಲ್ಲಿ ಸುತ್ತಿತು, ಸುತ್ತುತ್ತಲೇ ಇತ್ತು,
ಮೆಜೆಸ್ಟಿಕ್ಕಿನಲ್ಲಿ ಇಳಿಯುವುದು ಮರೆತವನ ಹಾಗೆ.
ಎಲ್ಲರೂ ಚಪ್ಪಾಳೆ ತಟ್ಟಿದರು.
ನನಗೆ ಯಾಕೋ ಕಸಿವಿಸಿ.

ಹೆಪ್ಪುಗಟ್ಟುವುದು ಅದರ ತಪ್ಪಲ್ಲವಲ್ಲ.
ಮೂರನೇ ಕ್ಲಾಸಿನಲ್ಲಿ ಸೈಕಲ್ಲಿಂದ ಬಿದ್ದ ದಿನ
ಮೊಣಕಾಲಿಗೆ ಇದೇ ಓಡಿ ಬಂದು
ಬಾಗಿಲು ಮುಚ್ಚಿತ್ತು.
ಹೊರಗಿನದು ಕಂಡರೆ ಹಿಡಿ, ಸುತ್ತು, ಗಟ್ಟಿಯಾಗು.
ಪಾಪ, ಅದಕ್ಕೆ ಗೊತ್ತಿರುವುದು ಅದೊಂದೇ ಕೆಲಸ.

ಗುರುವಾರ ಶಿವಾಜಿನಗರದ ಡಯಾಲಿಸಿಸ್ ವಾರ್ಡಿಗೆ ಹೋಗಿದ್ದೆ.
ಏಳನೇ ಬೆಡ್ಡು, ದರ್ಜಿ ಅಂತೋಣಪ್ಪ.
ಕುತ್ತಿಗೆಯ ನಳಿಕೆ ಈ ತಿಂಗಳಲ್ಲಿ ಮೂರನೇ ಸಲ ಕಟ್ಟಿಕೊಂಡಿದೆ.
ಸಿಸ್ಟರ್ ನಸೀಮಾ ಸಿರಿಂಜು ಒತ್ತುತ್ತಾಳೆ, ಎಳೆಯುತ್ತಾಳೆ,
ಮತ್ತೆ ಒತ್ತುತ್ತಾಳೆ; ಯಾರೂ ಮಾತಾಡುವುದಿಲ್ಲ.
ನಮ್ಮ ನಳಿಕೆಯ ವಿಷಯ ಹೇಳಿದೆ.
ಅಂತೋಣಪ್ಪ ಯೋಚಿಸಿ ಕೇಳಿದರು:
"ಅಷ್ಟು ಜಾರೋದಾದ್ರೆ
ಕುತ್ತಿಗೆಯಿಂದಲೇ ಜಾರಿ ಬಿದ್ದೋಗಲ್ವಾ?"
ಒಳಗಡೆ ಮಾತ್ರ ಜಾರು, ಎಂದೆ.
"ಲೈನಿಂಗ್ ಬಟ್ಟೆ ಥರ," ಎಂದರು.
ಕಣ್ಣಲ್ಲೇ ನನ್ನ ಭುಜ ಅಳೆದು,
"ಎಡತೋಳು ಬಿಗಿ ಹೊಲಿದಿದ್ದಾನೆ,
ಕಾಲಿಂಚು ಬಿಡಿಸಿಕೊಳ್ಳಿ."

ಹದಿನೆಂಟು ದಿನ ಉಪ್ಪುನೀರು ಹರಿಸಿ
ಹತ್ತೊಂಬತ್ತನೇ ದಿನ ಮತ್ತೆ ನನ್ನ ರಕ್ತ ಬಿಟ್ಟೆವು.
ಲೆನ್ಸಿನಡಿ ಒಂದು ಕೆಂಪು ಎಳೆ.
ಪಕ್ಕದಲ್ಲಿ ಇನ್ನೊಂದು.
ಹರಿಯುವುದು ಹರಿಯುತ್ತಾ ಹರಿಯುತ್ತಾ
ಗೋಡೆಯನ್ನೂ ತುಸು ತುಸುವೇ ಕೊಂಡೊಯ್ದಿತ್ತು.
ವರದಿಯಲ್ಲಿ ಹಾಗೆ ಬರೆಯಲಿಲ್ಲ,
"ಲೇಪ ಕ್ಷೀಣಿಸಿದೆ" ಎಂದು ಬರೆದೆ.

ಸಂಜೆ ಪಿಳ್ಳಮ್ಮನ ಮುಂದೆ ನಿಂತೆ.
ಒಂದು ಹಣ್ಣು, ಎರಡು ಹಣ್ಣು,
ಮೂರನೆಯದರ ನಡುವೆ ಕೈ ತಾನಾಗಿ
ಎಣ್ಣೆ ಬಟ್ಟಲಿಗೆ ಹೋಗಿ ಬಂತು, ಅವಳು ನೋಡಲೂ ಇಲ್ಲ.
ಎಷ್ಟು ಹೊತ್ತಿಗೊಮ್ಮೆ ಹಚ್ಚಬೇಕಮ್ಮ?
"ಕೈ ಹೇಳ್ತದೆ," ಎಂದಳು.

ಮೂರು ವರ್ಷದಲ್ಲಿ
ನಮ್ಮ ನಳಿಕೆ ಏನೂ ಹೇಳಿಲ್ಲ.

ಹತ್ತು ತೊಳೆ ಕಟ್ಟಿಸಿಕೊಂಡು
ಬಸ್ಸಿನಲ್ಲಿ ಎರಡು ತಿಂದೆ.
ಕಂಡಕ್ಟರ್ ಕೊಟ್ಟ ಉಚಿತ ಟಿಕೆಟ್ಟು
ಹೆಬ್ಬೆರಳಿಗೆ ಅಂಟಿ ಕೂತಿತು.
ಕೊಡವಿದೆ. ಬೀಳಲಿಲ್ಲ.
ಗೊರಗುಂಟೆಪಾಳ್ಯದವರೆಗೂ
ಹಾಗೇ ಬಿಟ್ಟೆ.